ಹಳೆಯ ಅಮೆರಿಕನ್ ಜೋಡುನಳಿಗೆ ಕೋವಿ: ಕೊಳ್ಳುವ ಮುನ್ನ ನೋಡಬೇಕಾದ್ದೇನು?

2010ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ನಡೆದ ಹರಾಜೊಂದರಲ್ಲಿ ಎರಡು ನಳಿಗೆಯ ಹಳೆಯ ಕೋವಿಯೊಂದು 8,62,500 ಡಾಲರಿಗೆ ಮಾರಾಟವಾಯಿತು. ಫಿಲಡೆಲ್ಫಿಯಾದ ಎ.ಎಚ್. ಫಾಕ್ಸ್ ಕಂಪನಿ ತಯಾರಿಸಿದ ಆ ಕೋವಿಯನ್ನು ಆ ದೇಶದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರು 1909ರಲ್ಲಿ ತಮ್ಮ ಆಫ್ರಿಕಾ ಬೇಟೆಯಾತ್ರೆಗೆ ಕೊಂಡೊಯ್ದಿದ್ದರು. ಬೆಲೆಯ ಗುಟ್ಟು ಅಲ್ಲಿತ್ತು. ಅದೇ ದೇಶದ ಹಳೆ ಸಾಮಾನಿನ ಅಂಗಡಿಗಳಲ್ಲಿ ಅದೇ ಕಾಲದ, ದೂರದಿಂದ ನೋಡಿದರೆ ಅದೇ ರೂಪದ ಜೋಡುನಳಿಗೆಗಳು ನೂರು, ಇನ್ನೂರು ಡಾಲರಿಗೆ ಗೋಡೆಯ ಅಲಂಕಾರಕ್ಕೆಂದು ಬಿಕರಿಯಾಗುತ್ತವೆ. ಈ ಎರಡು ತುದಿಗಳ ನಡುವೆ ಇರುವ ಕೋವಿಗಳೇ ಹೆಚ್ಚು. ಕೊಳ್ಳುವವರು ಮೋಸ ಹೋಗುವುದೂ ಅಲ್ಲಿಯೇ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕೆಲವರು ಬೇಟೆ, ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಆಟ ಅಥವಾ ಕೇವಲ ಹಳೆಯ ವಸ್ತುಗಳ ಮೋಹದಿಂದ ಈ ಮಾರುಕಟ್ಟೆಗೆ ಕಾಲಿಡುವುದುಂಟು. ಕೈಲ್‌ಪೊಳ್ದಿನಂದು ಕೋವಿಗೆ ತೋಕ್ ಹೂವಿಟ್ಟು ಪೂಜಿಸುವ ಮನೆಯಿಂದ ಹೋದವರಿಗಂತೂ ಆ ಸೆಳೆತ ಸಹಜ. ಅಂಥವರ ಪಾಲಿಗೆ ಮೂರು ಪ್ರಶ್ನೆಗಳು ಮುಖ್ಯ. ಈ ಕೋವಿಯನ್ನು ನಿಜಕ್ಕೂ ತಯಾರಿಸಿದವರು ಯಾರು? ಕಾರ್ಖಾನೆಯಿಂದ ಹೊರಟಾಗ ಇದ್ದದ್ದರಲ್ಲಿ ಎಷ್ಟು ಉಳಿದಿದೆ? ಇದರಲ್ಲಿ ಈಡು ಹಾರಿಸಬಹುದೇ? ಮೊದಲೆರಡರಲ್ಲಿ ಎಡವಿದರೆ ಹಣ ಹೋದೀತು. ಮೂರನೆಯದರಲ್ಲಿ ಎಡವಿದರೆ ಎಡಗೈಯ ಬೆರಳುಗಳೇ ಹೋದಾವು. ಆದರೂ ಬಹುಪಾಲು ಗ್ರಾಹಕರು ಮೊದಲ ಪ್ರಶ್ನೆಯೊಂದನ್ನೇ ಕೇಳಿ, ನಳಿಗೆಯ ಮೇಲಿನ ಹೆಸರು ಓದಿ, ಚೀಲ ಬಿಚ್ಚುತ್ತಾರೆ.

ಹೆಸರಾಂತ ಮನೆಗಳು

ಅಮೆರಿಕದ ಜೋಡುನಳಿಗೆಗಳ ಸುವರ್ಣಯುಗ ಸ್ಥೂಲವಾಗಿ 1870ರ ದಶಕದಿಂದ ಎರಡನೆಯ ಮಹಾಯುದ್ಧದವರೆಗೆ. ಆ ಅವಧಿಯಲ್ಲಿ ಐದು ಹೆಸರುಗಳು ಮೇಲ್ಪಂಕ್ತಿಯಲ್ಲಿದ್ದವು: ಪಾರ್ಕರ್, ಎಲ್.ಸಿ. ಸ್ಮಿತ್, ಫಾಕ್ಸ್, ಲೆಫೀವರ್ ಮತ್ತು ಇಥಾಕಾ. 1931ರಲ್ಲಿ ಬಂದ ವಿಂಚೆಸ್ಟರ್ 21ನೇ ಮಾದರಿಯೂ ಶ್ರೇಷ್ಠವೇ. ಆದರೆ ಅದು ತಡವಾಗಿ ಬಂದ ಅತಿಥಿ.

ಕನೆಟಿಕಟ್ ರಾಜ್ಯದ ಮೆರಿಡನ್ ಪಟ್ಟಣದ ಪಾರ್ಕರ್ ಮನೆತನ ಕಾಫಿ ಬೀಜ ಪುಡಿಮಾಡುವ ಗಿರಣಿಗಳಿಗೂ ಹೆಸರಾಗಿತ್ತು ಎಂಬುದು ನಮ್ಮ ಮಲೆನಾಡಿನ ಓದುಗರಿಗೆ ಕುತೂಹಲದ ಸಂಗತಿಯಾದೀತು. ಅಂತರ್ಯುದ್ಧ ಮುಗಿದ ಮೇಲೆ ಅವರು ಕೋವಿಗಳತ್ತ ಹೊರಳಿದರು. 1934ರಲ್ಲಿ ರೆಮಿಂಗ್ಟನ್ ಕಂಪನಿ ಪಾರ್ಕರನ್ನು ಕೊಂಡುಕೊಂಡಿತು. ಮಹಾಯುದ್ಧದ ಹೊತ್ತಿಗೆ ತಯಾರಿಕೆ ನಿಂತಿತು. ಒಟ್ಟು 2.4 ಲಕ್ಷದಷ್ಟು ಪಾರ್ಕರ್‌ಗಳು ತಯಾರಾದವು. ಇವುಗಳ ದರ್ಜೆಯನ್ನು ಅಕ್ಷರಗಳಿಂದ ಗುರುತಿಸುತ್ತಾರೆ. ಟ್ರೋಜನ್ ಎಂಬುದು ಅಗ್ಗದ ದರ್ಜೆ. ವಿಎಚ್, ಜಿಎಚ್, ಡಿಎಚ್ ಎಂದು ಮೇಲೇರುತ್ತಾ ಎಎಎಚ್ ದಾಟಿ ಎ-1 ಸ್ಪೆಷಲ್ ತಲುಪುತ್ತದೆ. ಇಲ್ಲಿ ಎಚ್ ಅಕ್ಷರವೆಂದರೆ ಹ್ಯಾಮರ್ ಹೊರಗೆ ಕಾಣದ ಮಾದರಿ. ಕೊನೆಯಲ್ಲಿ ಇ ಸೇರಿದ್ದರೆ ಖಾಲಿ ಕಾಡತೂಸನ್ನು ತಾನೇ ಹೊರಚಿಮ್ಮಿಸುವ ಎಜೆಕ್ಟರ್ ಉಂಟೆಂದು ಅರ್ಥ. ದರ್ಜೆ ಏರಿದಂತೆ ಕೆತ್ತನೆ, ಮರದ ಸೊಬಗು, ಕೈಕೆಲಸದ ನಯ ಹೆಚ್ಚುತ್ತವೆ. ಒಳಗಿನ ಯಂತ್ರ ಮಾತ್ರ ಬಹುತೇಕ ಒಂದೇ.

ಎಲ್.ಸಿ. ಸ್ಮಿತ್ ಕೋವಿಗಳು ಮೊದಲು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ತಯಾರಾದವು. 1880ರ ದಶಕದ ಕೊನೆಯಲ್ಲಿ ಲೈಮನ್ ಸ್ಮಿತ್ ಈ ವ್ಯವಹಾರವನ್ನು ಫುಲ್ಟನ್ ಪಟ್ಟಣದ ಹಂಟರ್ ಸಹೋದರರಿಗೆ ಮಾರಿ, ತಾವು ಬೆರಳಚ್ಚು ಯಂತ್ರಗಳ ಉದ್ಯಮಕ್ಕೆ ಹೋದರು. ಮುಂದೆ ಸ್ಮಿತ್-ಕರೋನಾ ಎಂದು ಖ್ಯಾತವಾದದ್ದು ಅದೇ ಮನೆತನದ ಟೈಪ್‌ರೈಟರ್. 1945ರಲ್ಲಿ ಮಾರ್ಲಿನ್ ಕಂಪನಿ ಹಂಟರ್ ಸಂಸ್ಥೆಯನ್ನು ಕೊಂಡು, 1950ರವರೆಗೆ ಕೋವಿ ತಯಾರಿಸಿತು. ಇಂಗ್ಲೆಂಡಿನ ದುಬಾರಿ ಕೋವಿಗಳಂತೆ ಪಕ್ಕದ ಫಲಕದೊಳಗೆ ಯಂತ್ರವನ್ನು ಅಳವಡಿಸಿದ ಮಾದರಿ ಇದು. ಆ ಫಲಕಕ್ಕೆ ಜಾಗ ಮಾಡಲು ಮರವನ್ನು ಕೊರೆಯಬೇಕಾದ್ದರಿಂದ ಅದರ ಹಿಂಬದಿಯಲ್ಲಿ ಮರ ಸೀಳುವುದು ಈ ಕೋವಿಯ ಹುಟ್ಟುರೋಗ. ಸ್ಮಿತ್ ಕೋವಿ ಕೈಗೆ ಬಂದೊಡನೆ ಬಲ್ಲವರು ಮೊದಲು ಹೆಬ್ಬೆರಳು ಸವರಿ ನೋಡುವುದು ಆ ಜಾಗವನ್ನು.

ತಯಾರಕರ ವಿಳಾಸವೇ ಇಲ್ಲಿ ಪಂಚಾಂಗ. ಸಿರಾಕ್ಯೂಸ್ ಎಂದಿದ್ದರೆ ಹಳೆಯ ಸ್ಮಿತ್, ಹಂಟರ್ ಆರ್ಮ್ಸ್ ಫುಲ್ಟನ್ ಎಂದಿದ್ದರೆ ಅನಂತರದ್ದು. ಫಾಕ್ಸ್ ಕಂಪನಿಯನ್ನು 1929ರಲ್ಲಿ ಸ್ಯಾವೇಜ್ ಕೊಂಡು, ಮರುವರ್ಷ ತಯಾರಿಕೆಯನ್ನು ನ್ಯೂಯಾರ್ಕ್ ರಾಜ್ಯದ ಯೂಟಿಕಾಕ್ಕೆ ಸಾಗಿಸಿತು. ಆದ್ದರಿಂದ ನಳಿಗೆಯ ಮೇಲೆ ಫಿಲಡೆಲ್ಫಿಯಾ ಎಂದಿದೆಯೋ ಯೂಟಿಕಾ ಎಂದಿದೆಯೋ ಎಂಬುದರ ಮೇಲೆ ಫಾಕ್ಸ್‌ನ ವಯಸ್ಸು ತಿಳಿಯುತ್ತದೆ. ಸಂಗ್ರಾಹಕರ ಒಲವು ಮೊದಲಿನದರತ್ತ.

ಹೆಸರನ್ನಷ್ಟೇ ನಂಬಿದರೆ ಏನಾದೀತು ಎಂಬುದಕ್ಕೆ ಲೆಫೀವರ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. ಸಿರಾಕ್ಯೂಸ್‌ನ ಡ್ಯಾನ್ ಲೆಫೀವರ್ ಹ್ಯಾಮರ್ ಕಾಣದ ಕೋವಿಗಳನ್ನು ಅಮೆರಿಕದಲ್ಲಿ ಆರಂಭದಲ್ಲೇ ತಯಾರಿಸಿದ ಪ್ರತಿಭಾವಂತ. ಸವೆತವನ್ನು ತಿರುಪು ಬಿಗಿದು ಸರಿಪಡಿಸಿಕೊಳ್ಳಬಹುದಾದ ಆತನ ಕೀಲಿನ ರಚನೆಯನ್ನು ಇಂದಿಗೂ ಕುಶಲಕರ್ಮಿಗಳು ಮೆಚ್ಚುತ್ತಾರೆ. 1916ರಲ್ಲಿ ಇಥಾಕಾ ಕಂಪನಿ ಆ ಹೆಸರನ್ನು ಕೊಂಡಿತು. 1921ರಿಂದ ಅದೇ ಹೆಸರಿನಲ್ಲಿ ನೈಟ್ರೋ ಸ್ಪೆಷಲ್ ಎಂಬ, ಸಾಮಾನ್ಯ ರೈತನ ಕೈಗೆಟುಕುವ ಸರಳ ಕೋವಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಗಟ್ಟಿಮುಟ್ಟಾದ, ಪ್ರಾಮಾಣಿಕ ಕೋವಿ, ಸಂದೇಹವಿಲ್ಲ. ಆದರೆ ಅದಕ್ಕೂ ಡ್ಯಾನ್ ಲೆಫೀವರನ ಕೈಕೆಲಸಕ್ಕೂ ಹೆಸರಿನ ಹೊರತು ನಂಟಿಲ್ಲ. ‘ಅಪರೂಪದ ಲೆಫೀವರ್’ ಎಂದು ಜಾಹೀರಾತಿನಲ್ಲಿ ಕಂಡದ್ದು ಎಷ್ಟೋ ಸಲ ಈ ನೈಟ್ರೋ ಸ್ಪೆಷಲ್ ಆಗಿರುತ್ತದೆ.

ಹೆಸರು ದೊಡ್ಡದು, ಊರು ಬೇರೆ

ಮೇಲಿನ ಐದು ಮನೆಗಳಿಗಿಂತ ಬಹುಪಾಲು ಹೆಚ್ಚು ಸಂಖ್ಯೆಯಲ್ಲಿ ತಯಾರಾದವು ಅಂಗಡಿ ಹೆಸರಿನ ಕೋವಿಗಳು. ಕನೆಟಿಕಟ್‌ನ ನಾರ್ವಿಚ್‌ನಲ್ಲಿದ್ದ ಕ್ರೆಸೆಂಟ್ ಫೈರ್ ಆರ್ಮ್ಸ್ ಎಂಬ ಕಾರ್ಖಾನೆ ಒಂದೇ ಬಗೆಯ ಅಗ್ಗದ ಕೋವಿಯನ್ನು ತಯಾರಿಸಿ, ಯಾವ ಕಬ್ಬಿಣದ ಸಾಮಾನಿನ ವ್ಯಾಪಾರಿ ಬೇಡಿಕೆ ಸಲ್ಲಿಸಿದನೋ ಆತ ಕೇಳಿದ ಹೆಸರನ್ನು ಅದರ ಮೇಲೆ ಒತ್ತಿ ಕಳುಹಿಸುತ್ತಿತ್ತು. ಇಂಥ ನೂರಾರು ಹೆಸರುಗಳಿವೆ. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್‌ನಂಥ ಸಂಸ್ಥೆಗಳೂ ತಮ್ಮದೇ ಹೆಸರುಗಳನ್ನು ಹಾಕಿಸಿಕೊಂಡವು. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಸಿಕ್ಕ, ಯಾರೂ ಕೇಳಿರದ ಹೆಸರಿನ ಕೋವಿ ‘ಅಪರೂಪ’ವೆಂದು ಮನೆಯವರು ನಂಬುವುದು ಸಹಜ. ವಾಸ್ತವದಲ್ಲಿ ಹೆಸರಷ್ಟೇ ಅಪರೂಪ.

ಇದಕ್ಕಿಂತ ಚತುರವಾದ ಆಟವಾಡಿದವರು ಬೆಲ್ಜಿಯಂನ ಲೀಯೆಜ್ ನಗರದ ತಯಾರಕರು. ಇಂಗ್ಲೆಂಡಿನ ವೆಸ್ಟ್ಲಿ ರಿಚರ್ಡ್ಸ್ ಪ್ರತಿಷ್ಠಿತ ಹೆಸರು. ಹಡಗುಗಟ್ಟಲೆ ಅಮೆರಿಕಕ್ಕೆ ಬಂದಿಳಿದ ಅಗ್ಗದ ಬೆಲ್ಜಿಯನ್ ಕೋವಿಗಳ ಮೇಲೆ ಇದ್ದದ್ದು ‘ಡಬ್ಲ್ಯು. ರಿಚರ್ಡ್ಸ್’. ಅವಸರದಲ್ಲಿ ಓದುವವನಿಗೆ ಎರಡೂ ಒಂದೇ.

ಈ ಮರೆಮಾಚನ್ನು ಬಯಲುಮಾಡಲು ಸುಲಭದ ದಾರಿಯೊಂದಿದೆ. ಬ್ರಿಟನ್, ಬೆಲ್ಜಿಯಂ ಮೊದಲಾದ ದೇಶಗಳಲ್ಲಿ ಪ್ರತಿಯೊಂದು ನಳಿಗೆಯನ್ನೂ ಹೆಚ್ಚಿನ ಮದ್ದು ತುಂಬಿ ಅಧಿಕೃತವಾಗಿ ಪರೀಕ್ಷಿಸಿ ಮುದ್ರೆ ಒತ್ತುವ ಪದ್ಧತಿ ಇತ್ತು, ಇಂದಿಗೂ ಇದೆ. ಅಮೆರಿಕದಲ್ಲಿ ಅಂಥ ಸರ್ಕಾರಿ ಪರೀಕ್ಷೆ ಎಂದೂ ಇರಲಿಲ್ಲ. ಆದಕಾರಣ ನಳಿಗೆಗಳನ್ನು ಕಳಚಿ ಕೆಳಭಾಗ ನೋಡಿದಾಗ ಅಂಡಾಕಾರದೊಳಗೆ ಇ, ಎಲ್, ಜಿ ಅಕ್ಷರಗಳ ಮುದ್ರೆ ಕಂಡರೆ ಆ ನಳಿಗೆ ಲೀಯೆಜ್‌ನಲ್ಲಿ ಪರೀಕ್ಷೆಗೊಳಗಾದದ್ದು. ಮೇಲೆ ಎಷ್ಟೇ ಇಂಗ್ಲಿಷ್ ಹೆಸರಿರಲಿ, ಅದು ಬೆಲ್ಜಿಯಂನಿಂದ ಬಂದದ್ದು. 1890ರ ಸುಂಕದ ಕಾನೂನು ಆಮದಾದ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿತಾದ್ದರಿಂದ, ಬೆಲ್ಜಿಯಂ ಎಂಬ ಪದ ಇದ್ದರೆ ಅದು ಆ ನಂತರ ಬಂದದ್ದೆಂದು ಊಹಿಸಬಹುದು.

ಕಳಚಿ ನೋಡುವುದು

ಕೈಗೆ ಬಂದ ಕೋವಿಯನ್ನು ಮೊಟ್ಟಮೊದಲು ತೆರೆದು, ಎರಡೂ ನಳಿಗೆ ಖಾಲಿ ಇವೆಯೇ ಎಂದು ಕಣ್ಣಾರೆ ನೋಡತಕ್ಕದ್ದು. ಮಾರುವವರು ‘ಖಾಲಿ ಇದೆ’ ಎಂದರೂ ಸರಿಯೇ. ಆಮೇಲೆ ಅಪ್ಪಣೆ ಪಡೆದು ಮುಂದಿನ ಮರವನ್ನೂ ನಳಿಗೆಗಳನ್ನೂ ಕಳಚಬೇಕು. ಕಳಚಲು ಬಿಡದ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು.

ನಳಿಗೆ, ಉಕ್ಕಿನ ಚೌಕಟ್ಟು, ಮುಂದಿನ ಮರದ ಕಬ್ಬಿಣ, ಈ ಮೂರರ ಮೇಲೂ ಕ್ರಮಸಂಖ್ಯೆ ಒಂದೇ ಇರಬೇಕು. ಬೇರೆಬೇರೆಯಿದ್ದರೆ ಎರಡು ಕೋವಿ ಸೇರಿಸಿ ಒಂದು ಮಾಡಿದ್ದಾರೆ. ಕ್ರಮಸಂಖ್ಯೆಯಿಂದ ಕೋವಿಯ ಜಾತಕವನ್ನೇ ತೆಗೆಸಬಹುದು. ಪಾರ್ಕರ್ ಕಂಪನಿಯ ಉಳಿದಿರುವ ದಾಖಲೆ ಪುಸ್ತಕಗಳ ಆಧಾರದ ಮೇಲೆ ಪಾರ್ಕರ್ ಸಂಗ್ರಾಹಕರ ಸಂಘವು ಪತ್ರ ನೀಡುತ್ತದೆ, ಎಲ್.ಸಿ. ಸ್ಮಿತ್ ದಾಖಲೆಗಳು ವಯೋಮಿಂಗ್ ರಾಜ್ಯದ ಕೋಡಿಯಲ್ಲಿರುವ ಶಸ್ತ್ರಾಸ್ತ್ರ ವಸ್ತುಸಂಗ್ರಹಾಲಯದಲ್ಲಿವೆ. ಆ ಕೋವಿ ಯಾವ ದರ್ಜೆಯದಾಗಿ, ಯಾವ ಅಳತೆಯ ನಳಿಗೆಯೊಡನೆ ಕಾರ್ಖಾನೆಯಿಂದ ಹೊರಟಿತ್ತು ಎಂಬುದು ಅಲ್ಲಿ ತಿಳಿಯುತ್ತದೆ. ಕೆಳದರ್ಜೆಯ ಪಾರ್ಕರಿಗೆ ಹೊಸದಾಗಿ ಕೆತ್ತನೆ ಮಾಡಿಸಿ ಮೇಲ್ದರ್ಜೆಯದೆಂದು ಮಾರುವ ಕಲೆ ಹಳೆಯದು. ಈ ಪತ್ರದ ಮುಂದೆ ಅದು ನಡೆಯದು. ಸಾವಿರಾರು ಡಾಲರಿನ ವ್ಯವಹಾರದಲ್ಲಿ ಪತ್ರದ ಶುಲ್ಕಕ್ಕೆ ಜಿಪುಣತನ ಮಾಡುವುದು ಅರ್ಥಹೀನ.

ನಳಿಗೆಯ ಉದ್ದಕ್ಕೂ ಗಮನ ಕೊಡಬೇಕು. ಸಾಮಾನ್ಯವಾಗಿ 26, 28, 30, 32 ಇಂಚಿನ ನಳಿಗೆಗಳಿರುತ್ತಿದ್ದವು. ಮೂತಿಯಲ್ಲಿ ಎರಡೂ ನಳಿಗೆಗಳು ಒಂದಕ್ಕೊಂದು ತಾಗಿಕೊಂಡಿರುವುದು ಮೂಲಸ್ಥಿತಿಯ ಲಕ್ಷಣ. ನಡುವೆ ಸಂದಿಯಿದ್ದು, ಅದರಲ್ಲಿ ಬೆಸುಗೆ ಅಥವಾ ಬೇರೇನನ್ನೋ ತುಂಬಿದ್ದರೆ ಯಾರೋ ನಳಿಗೆ ಕತ್ತರಿಸಿದ್ದಾರೆ. ಕತ್ತರಿಸಿದಾಗ ಚರೆಗಳು ಚದುರದಂತೆ ಮೂತಿಯಲ್ಲಿ ಕಿರಿದುಮಾಡಿರುವ ಚೋಕ್ ಭಾಗವೂ ಹೋಗುತ್ತದೆ, ಅದರೊಡನೆ ಬೆಲೆಯ ದೊಡ್ಡ ಪಾಲೂ.

ಬಿಗಿತ ಪರೀಕ್ಷೆ ಇನ್ನೂ ಸುಲಭ. ಮುಂದಿನ ಮರವನ್ನು ತೆಗೆದಿಟ್ಟು ನಳಿಗೆಗಳನ್ನು ಜೋಡಿಸಿ, ಮೆಲ್ಲನೆ ಅಲುಗಾಡಿಸಿದರೆ ಕಟಕಟ ಸದ್ದು ಬರಬಾರದು. ಬೆಳಕಿಗೆ ಹಿಡಿದರೆ ನಳಿಗೆಯ ಹಿಂತುದಿಗೂ ಚೌಕಟ್ಟಿಗೂ ನಡುವೆ ಗೆರೆ ಕಾಣಬಾರದು. ಮೇಲಿನ ಲಿವರ್ ಮುಚ್ಚಿದಾಗ ಮಧ್ಯರೇಖೆಗಿಂತ ಸ್ವಲ್ಪ ಬಲಕ್ಕೆ ನಿಲ್ಲುತ್ತಿದ್ದರೆ ಯಂತ್ರದಲ್ಲಿ ಆಯುಷ್ಯ ಉಳಿದಿದೆ. ಸವೆದಂತೆಲ್ಲ ಅದು ಎಡಕ್ಕೆ ಸರಿಯುತ್ತದೆ. ನಳಿಗೆಗಳನ್ನು ಕೊಕ್ಕೆಯಿಂದ ತೂಗುಹಾಕಿ ಬೆರಳಗಂಟಿನಿಂದ ತಟ್ಟಿದರೆ ಗಂಟೆಯ ನಾದ ಹೊರಡಬೇಕು. ಒಡಕು ಮಡಕೆಯ ಸದ್ದು ಬಂದರೆ ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಎಲ್ಲೋ ಬಿಟ್ಟಿದೆ.

ಮದ್ದು ಬದಲಾಯಿತು, ನಳಿಗೆ ಬದಲಾಗಲಿಲ್ಲ

ಇನ್ನು ಮೂರನೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದ ಬಹಳಷ್ಟು ನಳಿಗೆಗಳು ಡಮಾಸ್ಕಸ್ ಎಂಬ ಬಗೆಯವು. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಹೆಣೆದು, ಹುರಿಗೊಳಿಸಿ, ಪಟ್ಟಿಯಾಗಿ ಬಡಿದು, ಕೊಳವೆಯಾಕಾರದ ಅಚ್ಚಿನ ಸುತ್ತ ಸುರುಳಿ ಸುತ್ತಿ ಕಾಯಿಸಿ ಬೆಸೆದದ್ದು. ಮೇಲ್ಮೈಯಲ್ಲಿ ಅಲೆಯಲೆಯಾದ, ಸುರುಳಿಸುರುಳಿಯಾದ ಚಿತ್ತಾರ ಮೂಡುತ್ತದೆ. ನೋಡಲು ಬಹು ಸುಂದರ. ಅಮೆರಿಕದ ತಯಾರಕರು ಇಂಥ ಕೊಳವೆಗಳಲ್ಲಿ ಹೆಚ್ಚಿನವನ್ನು ಬೆಲ್ಜಿಯಂನಿಂದ ತರಿಸುತ್ತಿದ್ದರು. ಅಗ್ಗದ ಕೋವಿಗಳಲ್ಲಿ ಸಾದಾ ಉಕ್ಕಿನ ಮೇಲೆ ಈ ಚಿತ್ತಾರವನ್ನು ಬರೇ ಬಣ್ಣದಂತೆ ಮೂಡಿಸಿದ್ದೂ ಉಂಟು. ಪಾರ್ಕರಿನ ವಲ್ಕನ್ ಸ್ಟೀಲ್, ಸ್ಮಿತ್‌ನ ಆರ್ಮರ್ ಸ್ಟೀಲ್ ಮುಂತಾದ ಬರಹ ನಳಿಗೆಯ ಮೇಲಿದ್ದರೆ ಅದು ಏಕರೂಪದ ಉಕ್ಕಿನದು.

ಡಮಾಸ್ಕಸ್ ನಳಿಗೆಗಳು ರೂಪುಗೊಂಡದ್ದು ಕರಿಮದ್ದಿನ ಕಾಲದಲ್ಲಿ. 1890ರ ದಶಕದಿಂದೀಚೆಗೆ ಹೊಗೆಯಿಲ್ಲದ ಮದ್ದು ಬಳಕೆಗೆ ಬಂದಿತು. ಕ್ರಮೇಣ ಕಾಡತೂಸುಗಳ ಒತ್ತಡವೂ ಏರಿತು. ಇಂದು ಅಮೆರಿಕದ ಅಂಗಡಿಯಲ್ಲಿ ಸಿಗುವ ಸಾಮಾನ್ಯ 12 ಗೇಜ್ ಕಾಡತೂಸಿಗೆ ನಿಗದಿಯಾಗಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 11,500 ಪೌಂಡ್. ‘ಡಮಾಸ್ಕಸ್ ಎಂದರೆ ಸಿಡಿಯುವುದೇ’ ಎಂಬ ಮಾತು ಅತಿಶಯೋಕ್ತಿ. ಸುಸ್ಥಿತಿಯಲ್ಲಿರುವ ಡಮಾಸ್ಕಸ್ ನಳಿಗೆಗಳು ಭಾರಿ ಒತ್ತಡವನ್ನು ತಾಳಿಕೊಂಡ ಪರೀಕ್ಷೆಗಳು ಅಮೆರಿಕದ ಹವ್ಯಾಸಿಗಳ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಹಾಗೆಂದು ‘ಚಿಂತೆಯಿಲ್ಲ, ಹಾರಿಸಿ’ ಎಂಬ ಮಾರಾಟಗಾರನ ಮಾತಿಗೂ ಕಿವಿಗೊಡುವಂತಿಲ್ಲ. ನೂರು ವರ್ಷಗಳ ತುಕ್ಕು ಆ ಪದರಗಳ ನಡುವೆ ಎಲ್ಲಿಯವರೆಗೆ ಇಳಿದಿದೆ ಎಂಬುದು ಬರಿಗಣ್ಣಿಗೆ ಕಾಣದು. ಬಲ್ಲ ಕೋವಿ ಕುಶಲಕರ್ಮಿ ಅಳೆದು ಒಪ್ಪಿದ ಕೋವಿಯಲ್ಲಿ, ಹಳೆಯ ಕೋವಿಗಳಿಗೆಂದೇ ತಯಾರಾಗುವ ಕಡಿಮೆ ಒತ್ತಡದ ಕಾಡತೂಸು ಬಳಸುವುದು ಈ ಲೇಖಕನ ದೃಷ್ಟಿಯಲ್ಲಿ ಮಧ್ಯಮಮಾರ್ಗ. ಕುಶಲಕರ್ಮಿ ಒಪ್ಪದಿದ್ದರೆ ಅದು ಗೋಡೆಯ ಮೇಲಿರಲಿ.

ಅಳೆಯುವುದು ಎಂದರೇನು? ನಳಿಗೆಯ ಗೋಡೆಯ ದಪ್ಪ. ಮೂತಿಯ ಕಡೆಗೆ ತೆಳುವಾಗುತ್ತಾ ಹೋಗುವ ಈ ಗೋಡೆ ಅತ್ಯಂತ ತೆಳುವಾದೆಡೆ ಇಂಚಿನ ಸಾವಿರದ 25 ಭಾಗದಷ್ಟಿದ್ದರೆ ನೆಮ್ಮದಿ, 20ಕ್ಕಿಂತ ಕೆಳಗಿಳಿದರೆ ಹಿಂದೆ ಸರಿಯುವುದು ಲೇಸು ಎಂಬುದು ರೂಢಿಯ ಅಭಿಪ್ರಾಯ. ಒಳಗಿನ ತುಕ್ಕುಗುಳಿಗಳನ್ನು ಅಳಿಸಲು ನಳಿಗೆಯನ್ನು ಒಳಗಿನಿಂದ ಉಜ್ಜಿ ಹಿಗ್ಗಿಸಿ, ಕನ್ನಡಿಯಂತೆ ಹೊಳೆಯಿಸಿ ಮಾರುವವರಿದ್ದಾರೆ. 12 ಗೇಜ್ ನಳಿಗೆಯ ಒಳವ್ಯಾಸ 0.729 ಇಂಚು ಇರಬೇಕು, ಅದು 0.740 ದಾಟಿದ್ದರೆ ಅನುಮಾನ ಸಕಾರಣ. ಕೆಲವು ತಯಾರಕರು ಮೊದಲೇ ಹಿಗ್ಗಾಗಿ ಕೊರೆಯುತ್ತಿದ್ದುದೂ ಉಂಟು. ಆದ್ದರಿಂದ ಒಳವ್ಯಾಸಕ್ಕಿಂತ ಗೋಡೆಯ ದಪ್ಪವೇ ನಿರ್ಣಾಯಕ. ಹೊಳಪು ಕಂಡು ಮರುಳಾಗಬಾರದು.

ಅಂದಹಾಗೆ, ಅಮೆರಿಕನ್ನರು ಗೇಜ್ ಎನ್ನುವುದನ್ನೇ ನಮ್ಮಲ್ಲಿ ಬೋರ್ ಎನ್ನುತ್ತಾರೆ. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗುಂಡುಗಳನ್ನು ಮಾಡಿದರೆ ಆ ಗುಂಡಿನ ವ್ಯಾಸವೇ 12 ಬೋರ್. ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದು.

ಕಾಡತೂಸು ಕೂರುವ ಚೇಂಬರ್ ಎಂಬ ಗೂಡಿನ ಉದ್ದವಂತೂ ಅನೇಕ ಅನುಭವಿಗಳನ್ನೂ ಏಮಾರಿಸಿದೆ. ಹಳೆಯ ಅಮೆರಿಕನ್ 12 ಗೇಜ್ ಕೋವಿಗಳಲ್ಲಿ ಹಲವದರ ಗೂಡು 2⅝ ಇಂಚು, 16 ಗೇಜಿನದು 2 9/16 ಇಂಚು, 20 ಗೇಜಿನದು 2½ ಇಂಚು. ಇಂದಿನ ಸಾಮಾನ್ಯ ಕಾಡತೂಸು 2¾ ಇಂಚಿನದು. ಆದರೆ ಈ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕಾಡತೂಸಿನದು. ಹಾರಿಸುವ ಮುನ್ನ ಮಡಿಕೆಯಿಂದಾಗಿ ಅದು ಗಿಡ್ಡವಾಗಿರುತ್ತದೆ. ಹೀಗಾಗಿ ಗಿಡ್ಡ ಗೂಡಿನಲ್ಲೂ ಅದು ಸಲೀಸಾಗಿ ಕೂರುತ್ತದೆ, ಕೋವಿ ಸರಾಗವಾಗಿ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಬಿಚ್ಚಿಕೊಂಡ ಬಾಯಿ ಗೂಡಿನ ಮುಂದಿನ ಇಕ್ಕಟ್ಟಿನೊಳಕ್ಕೆ ಚಾಚಿ ಚರೆಯ ದಾರಿಯನ್ನು ಕಿರಿದುಗೊಳಿಸುವುದರಿಂದ ಒತ್ತಡ ಏರುತ್ತದೆ. ‘ಕಾಡತೂಸು ಹಿಡಿಯುತ್ತದಲ್ಲ’ ಎಂಬುದು ಪುರಾವೆಯೇ ಅಲ್ಲ. ಹಿಂದಿನ ಮಾಲೀಕರು ಗೂಡನ್ನು ಕೊರೆದು ಉದ್ದ ಮಾಡಿಸಿದ್ದರೆ ಆ ಭಾಗದ ಗೋಡೆ ಎಷ್ಟು ಉಳಿದಿದೆ ಎಂಬುದು ಮರುಪ್ರಶ್ನೆ.

ಮತ್ತೊಂದು ಅಪಾಯವನ್ನೂ ಹೇಳಬೇಕು. 20 ಗೇಜ್ ಕಾಡತೂಸು ಅಕಸ್ಮಾತ್ 12 ಗೇಜ್ ನಳಿಗೆಗೆ ಬಿದ್ದರೆ ಅದು ಜಾರಿ ಗೂಡಿನ ಮುಂದೆ ಸಿಕ್ಕಿಕೊಳ್ಳುತ್ತದೆ. ಏನೂ ಇಲ್ಲವೆಂದು ಅದರ ಹಿಂದೆ 12 ಗೇಜ್ ಕಾಡತೂಸು ಹಾಕಿ ಹಾರಿಸಿದರೆ, ಹೊಸ ಉಕ್ಕಿನ ಕೋವಿಯೂ ಸಿಡಿಯುತ್ತದೆ. 20 ಗೇಜ್ ಕಾಡತೂಸುಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಕಾರಣಕ್ಕೇ. ಮಣ್ಣು, ಹಿಮ, ಒರೆಸಿದ ಬಟ್ಟೆಯ ಚೂರು ನಳಿಗೆಯಲ್ಲಿ ಸಿಕ್ಕಿಕೊಂಡಾಗಲೂ ಹಾಗೆಯೇ. ಸಿಡಿಯದಿದ್ದರೂ ಆ ಜಾಗ ಉಬ್ಬುತ್ತದೆ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುವಾಗ ಬಳೆಯಂಥ ಕಪ್ಪು ನೆರಳು ಕಂಡರೆ ಅಲ್ಲೊಂದು ಉಬ್ಬಿದೆ ಎಂದರ್ಥ. ಅಂಥದನ್ನು ಕೊಳ್ಳಬೇಡಿ.

ಹೊಳಪಿನ ಬೆಲೆ, ಹಳೆತನದ ಬೆಲೆ

ನಮ್ಮ ಕಡೆ ಹಳೆಯ ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳಗೊಳಿಸಿ ಮಾರುವ ಅಭ್ಯಾಸವುಂಟು. ಹಳೆಯ ಕೋವಿಗೆ ಹಾಗೆ ಮಾಡಿದರೆ ಬೆಲೆ ಬೀಳುತ್ತದೆ. ಉಕ್ಕಿನ ಚೌಕಟ್ಟನ್ನು ಮೂಳೆ ಮತ್ತು ಕಟ್ಟಿಗೆಯ ಇದ್ದಿಲಿನೊಡನೆ ಕಾಯಿಸಿ ನೀರಿಗೆ ಅದ್ದಿದಾಗ ನೀಲಿ, ಕಂದು, ಹೊಂಬಣ್ಣಗಳು ಮೋಡದಂತೆ ಹರಡಿಕೊಳ್ಳುತ್ತವೆ. ಬಳಸಿದಂತೆ ಅವು ಮಾಸಿ ಬೆಳ್ಳಿಬೂದಿಯ ಬಣ್ಣಕ್ಕೆ ಬರುತ್ತವೆ. ಲಿವರಿನ ಕೆಳಗೆ, ಮುಂದಿನ ಮರ ಮುಚ್ಚಿದ ಕಡೆ ಮಾತ್ರ ಮೂಲಬಣ್ಣ ಉಳಿದಿರುವುದು ಸ್ವಾಭಾವಿಕ. ಕೈ ಸದಾ ತಾಗುವ ಜಾಗದಲ್ಲಿ ಗಾಢ ಬಣ್ಣವಿದ್ದು, ಕೆತ್ತನೆಯ ಅಂಚುಗಳು ಮೊಂಡಾಗಿ, ತಿರುಪಿನ ಸೀಳುಗಳು ಕಿತ್ತುಹೋಗಿದ್ದರೆ ಅದು ಮರುಲೇಪ.

ನಳಿಗೆಯ ನೀಲಿಗಪ್ಪು ಲೇಪದಲ್ಲಿ ಅಪಾಯವೂ ಅಡಗಿದೆ. ಹಳೆಯ ಜೋಡುನಳಿಗೆಗಳ ಪಟ್ಟಿಗಳನ್ನು ಕೂರಿಸಿರುವುದು ಮೆದು ಬೆಸುಗೆಯಿಂದ. ಇಂದಿನ ಸಾಮಾನ್ಯ ಬಂದೂಕುಗಳಿಗೆ ಮಾಡುವಂತೆ ಕುದಿಯುವ ಕ್ಷಾರದ ದ್ರಾವಣದಲ್ಲಿ ಇವನ್ನು ಅದ್ದಿ ಕಪ್ಪಾಗಿಸಿದರೆ ಆ ಕ್ಷಾರ ಬೆಸುಗೆಯನ್ನು ತಿನ್ನುತ್ತದೆ, ಪಟ್ಟಿಯ ಒಳಗೆ ಉಳಿದು ತುಕ್ಕು ಹಿಡಿಸುತ್ತದೆ. ಮಿರಮಿರ ಮಿಂಚುವ ಕಡುಗಪ್ಪು ನಳಿಗೆಯ ನೂರು ವರ್ಷದ ಕೋವಿಯನ್ನು ಕಂಡಾಗ ಸಂತೋಷಕ್ಕಿಂತ ಸಂಶಯ ಮೊದಲು ಬರಬೇಕು. ಮರದ ಹಿಡಿಯನ್ನು ಕತ್ತರಿಸಿ ರಬ್ಬರು ಅಂಟಿಸಿರುವುದು, ಕೈಹಿಡಿತದ ಗೀರುಗಳನ್ನು ಮರುಕೆತ್ತಿರುವುದು, ಮರವನ್ನು ಉಜ್ಜಿದ್ದರಿಂದ ಲೋಹದ ಅಂಚು ಮರಕ್ಕಿಂತ ಮೇಲೆದ್ದಿರುವುದು ಇವೆಲ್ಲ ಬೆಲೆ ಕಡಿತದ ಕಾರಣಗಳು.

ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘವು ಹಳೆಯ ಆಯುಧಗಳಿಗೆ ಸ್ಥಿತಿಯ ಶ್ರೇಣಿಯೊಂದನ್ನು ಹಾಕಿಕೊಟ್ಟಿದೆ. ಮೂಲಲೇಪ ಶೇ. 80ಕ್ಕಿಂತ ಹೆಚ್ಚು ಉಳಿದು, ಎಲ್ಲ ಭಾಗಗಳೂ ಮೂಲದವಾಗಿದ್ದರೆ ‘ಎಕ್ಸಲೆಂಟ್’, ಶೇ. 30ಕ್ಕಿಂತ ಹೆಚ್ಚಿದ್ದರೆ ‘ಫೈನ್’. ಅದಕ್ಕಿಂತ ಕಡಿಮೆಯಾದರೆ ‘ವೆರಿ ಗುಡ್’, ‘ಗುಡ್’ ಎಂದು ಇಳಿಯುತ್ತದೆ. ಕಿವಿಗೆ ಇಂಪಾದ ‘ಗುಡ್’ ಇಲ್ಲಿ ಕೆಳಗಿನ ಮೆಟ್ಟಿಲು. ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್ ಎಂಬ ಬೆಲೆಕೋಶವೂ ಈ ಶೇಕಡಾ ಲೆಕ್ಕವನ್ನೇ ಅನುಸರಿಸುತ್ತದೆ. ಆದರೆ ಕೋಶದ ಬೆಲೆಗಿಂತ, ಅದೇ ದರ್ಜೆ, ಅದೇ ಗೇಜ್, ಅದೇ ಸ್ಥಿತಿಯ ಕೋವಿ ಹರಾಜಿನಲ್ಲಿ ನಿಜವಾಗಿ ಕೈಬದಲಾದ ಬೆಲೆಯೇ ನಂಬತಕ್ಕದ್ದು. ಮಾರುವವರು ಕೇಳುವ ಬೆಲೆ ಬರೀ ಆಸೆ. ಹರಾಜುಸಂಸ್ಥೆ ಕೊಳ್ಳುವವರ ಮೇಲೂ ಶುಲ್ಕ ಹಾಕುತ್ತದೆ ಎಂಬುದನ್ನು ಕೂಗುವ ಮೊದಲೇ ನೆನಪಿಟ್ಟಿರಬೇಕು.

ಅಂದಾಜು ಬೇಕೆನ್ನುವವರಿಗೆ: ಅಂಗಡಿ ಹೆಸರಿನ ಕೋವಿಗಳು ಕೆಲವು ನೂರು ಡಾಲರಿನೊಳಗೆ. ಸುಸ್ಥಿತಿಯ ಪಾರ್ಕರ್ ಟ್ರೋಜನ್ ಅಥವಾ ವಿಎಚ್, ಫಾಕ್ಸ್ ಸ್ಟರ್ಲಿಂಗ್‌ವರ್ತ್, ಸ್ಮಿತ್ ಫೀಲ್ಡ್ ದರ್ಜೆಗಳು ಸಾವಿರ ಡಾಲರಿನ ಆಸುಪಾಸಿನಿಂದ ಕೆಲವು ಸಾವಿರದವರೆಗೆ. ಮೇಲ್ದರ್ಜೆಗಳು ಹತ್ತಾರು ಸಾವಿರಕ್ಕೆ ಹೋಗುತ್ತವೆ. 12 ಗೇಜಿನವು ಹೇರಳ, 20 ಗೇಜಿನವುಗಳಿಗೆ ಹೆಚ್ಚು ಬೆಲೆ, 28 ಹಾಗೂ.410 ಅಳತೆಯ ಪಾರ್ಕರ್‌ಗಳಂತೂ ಅಪರೂಪ, ಆದಕಾರಣವೇ ಅವುಗಳಲ್ಲಿ ಖೋಟಾ ಹೆಚ್ಚು. 1980ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ಪಾರ್ಕರ್ ಪ್ರತಿಕೃತಿಗಳು ಉತ್ತಮ ಕೋವಿಗಳು, ಅಗ್ಗವೂ ಅಲ್ಲ. ಆದರೆ ಅವು ಹಳೆಯವಲ್ಲ. ಬೇಟೆಗೆ ಅಥವಾ ಆಟಕ್ಕೆ ಬಳಸುವ ಉದ್ದೇಶವಿದ್ದರೆ ಇಥಾಕಾ ಕಂಪನಿ 1926ರಿಂದ ತಯಾರಿಸಿದ ಎನ್‌ಐಡಿ ಮಾದರಿ ಗಟ್ಟಿತನಕ್ಕೆ ಹೆಸರಾದದ್ದು. ಅದಕ್ಕೂ ಹಿಂದಿನ ಫ್ಲೂಸ್ ಮಾದರಿಯ ಚೌಕಟ್ಟು ಅಷ್ಟು ಬಲವಾದುದಲ್ಲ.

ಕಾನೂನಿನ ಗೆರೆ

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮುನ್ನ ತಯಾರಾದದ್ದು ಪುರಾತನ ವಸ್ತು; ಫೆಡರಲ್ ಕಾಯ್ದೆಯ ದೃಷ್ಟಿಯಲ್ಲಿ ಅದು ಬಂದೂಕೇ ಅಲ್ಲ. ಆದ್ದರಿಂದ ತಯಾರಾದ ವರ್ಷವನ್ನು ದಾಖಲೆಯಿಂದ ಖಚಿತಪಡಿಸಿಕೊಳ್ಳುವುದಕ್ಕೆ ಬೆಲೆಯ ಹೊರತಾದ ಕಾರಣವೂ ಇದೆ. ರಾಜ್ಯಗಳ ಕಾನೂನು ಬೇರೆಬೇರೆ. 18 ಇಂಚಿಗಿಂತ ಗಿಡ್ಡವಾಗಿ ನಳಿಗೆ ಕತ್ತರಿಸಿದ ಕೋವಿಗೆ ಮಾತ್ರ 1934ರ ಕಾಯ್ದೆ ಅನ್ವಯವಾಗುತ್ತದೆ. ನೋಂದಣಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಗಂಭೀರ ಅಪರಾಧ. ಇಂದಿಗೂ ಕಾಡತೂಸು ಸಿಗುವ 12 ಗೇಜ್ ಕೋವಿಗಳ ವಿಷಯದಲ್ಲಿ ‘ನೂರು ವರ್ಷ ಹಳೆಯದು’ ಎಂಬ ವಾದ ಅಲ್ಲಿ ನಡೆಯದು.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಎಚ್-1ಬಿ, ವಿದ್ಯಾರ್ಥಿ ವೀಸಾ ಮುಂತಾದ ವಲಸೆಯೇತರ ವೀಸಾಗಳ ಮೇಲೆ ಅಮೆರಿಕಕ್ಕೆ ಹೋದವರು ಫೆಡರಲ್ ಕಾನೂನಿನಂತೆ ಬಂದೂಕನ್ನಾಗಲೀ ಕಾಡತೂಸನ್ನಾಗಲೀ ಹೊಂದುವಂತಿಲ್ಲ. ಯಾವುದಾದರೊಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಪಡೆದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಹೊಂದಿದವರಿಗೆ ಈ ನಿರ್ಬಂಧವಿಲ್ಲ. ಅಂಗಡಿಯವನು ಮಾರಲು ಒಪ್ಪಿದ ಮಾತ್ರಕ್ಕೆ ಎಲ್ಲವೂ ಕ್ರಮಬದ್ಧವೆಂದು ತಿಳಿಯುವುದು ವೀಸಾಕ್ಕೇ ಕುತ್ತು ತಂದೀತು. ವಕೀಲರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.

ಊರಿಗೆ ಮರಳುವಾಗ ಪೆಟ್ಟಿಗೆಯಲ್ಲಿಟ್ಟು ತಂದುಬಿಡಬಹುದೆಂಬ ಯೋಚನೆಯೂ ಬೇಡ. ಭಾರತದಲ್ಲಿ ಬಂದೂಕಿನ ಆಮದಿಗೆ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಇಲ್ಲಿ ಇಟ್ಟುಕೊಳ್ಳಲು ಪರವಾನಗಿಯೂ ಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿದ್ದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದು ಜಿಲ್ಲೆಯೊಳಗೆ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ವಿದೇಶದಿಂದ ತರುವುದಕ್ಕಲ್ಲ. ಆದರೆ ಅಲ್ಲಿನ ಮನೆಗಳಲ್ಲಿ ತಲೆಮಾರಿನಿಂದ ಬಂದ ಜೋಡುನಳಿಗೆಗಳಿಗೂ ಮೇಲೆ ಹೇಳಿದ ಗೂಡಿನ ಅಳತೆ, ಗೋಡೆಯ ದಪ್ಪ, ಬಿಗಿತದ ಪರೀಕ್ಷೆಗಳು ಹಾಗೆಯೇ ಅನ್ವಯಿಸುತ್ತವೆ. ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಮುನ್ನ ಒಮ್ಮೆ ಕಳಚಿ ನೋಡಿಸುವುದು ಒಳ್ಳೆಯದು.

ಅಮೆರಿಕದಲ್ಲಿ ಕೊಳ್ಳುವವರಿಗೆ ಕೊನೆಯದಾಗಿ ಒಂದು ವ್ಯವಹಾರದ ಮಾತು. ದೂರದಿಂದ ತರಿಸಿಕೊಳ್ಳುವ ಕೋವಿಗೆ ಮೂರು ದಿನಗಳ ಪರಿಶೀಲನೆಯ ಅವಕಾಶ ನೀಡುವುದು ಆ ವ್ಯಾಪಾರದಲ್ಲಿ ರೂಢಿಯಲ್ಲಿದೆ. ಅದನ್ನು ಲಿಖಿತವಾಗಿ ಪಡೆದು, ಮೊದಲ ದಿನವೇ ಕುಶಲಕರ್ಮಿಯ ಬಳಿ ಒಯ್ದು ಅಳೆಸಬೇಕು. ಒಂದೇ ಒಂದು ಈಡು ಹಾರಿಸಿದರೂ ಹಿಂದಿರುಗಿಸುವ ಹಕ್ಕು ಸಾಮಾನ್ಯವಾಗಿ ಹೋಗುತ್ತದೆ.